ಓದುಗರ ಪ್ರಶ್ನೆ: ಹಾರ್ಡ್ ಡಿಸ್ಕ್‌ನ ಬೆಲೆ, ಬಾಳಿಕೆ ಮತ್ತು ಕಿರಿದಾಗುತ್ತಿರುವ ವಾರಂಟಿ

ಇತ್ತೀಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಾರ್ಡ್ ಡಿಸ್ಕ್ ಕುರಿತ ದೂರುಗಳೇ ಹೆಚ್ಚಾಗಿದ್ದುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಸಂಕ್ಷೇಪಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ಮದುವೆ, ಗೃಹಪ್ರವೇಶಗಳ ಫೋಟೋ ಮತ್ತು ವಿಡಿಯೋ ತೆಗೆಯುವ ಚಿಕ್ಕ ಸ್ಟುಡಿಯೋ ನಮ್ಮದು. 2007ರಲ್ಲಿ ನಾನು ಕೊಂಡ ಹಾರ್ಡ್ ಡಿಸ್ಕ್‌ಗೆ ಐದು ವರ್ಷದ ವಾರಂಟಿ ಇತ್ತು. ಈಗ ಅದೇ ಕಂಪನಿಯ ಸಾಧಾರಣ ಡಿಸ್ಕ್‌ಗೆ ಎರಡೇ ವರ್ಷ ಎನ್ನುತ್ತಾರೆ. ವಸ್ತುವಿನ ಗುಣಮಟ್ಟ ಇಳಿದಿದೆ ಎಂದು ಇದರಿಂದ ತಿಳಿಯಬಹುದೇ?
— ಸ್ಟುಡಿಯೋ ಮಾಲೀಕರು, ತಿಪಟೂರು

ಉತ್ತರ: ಹಾಗೆ ತಿಳಿಯುವುದು ಸಹಜವಾದರೂ ಸರಿಯಲ್ಲ. ವಾರಂಟಿಯ ಅವಧಿಯನ್ನು ನಿಗದಿ ಮಾಡುವುದರಲ್ಲಿ ಎಂಜಿನಿಯರರ ಪಾಲಿಗಿಂತ ಲೆಕ್ಕಪತ್ರ ವಿಭಾಗದ ಮತ್ತು ಮಾರಾಟ ವಿಭಾಗದ ಪಾಲು ದೊಡ್ಡದು. ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದು ಹಿಗ್ಗಿದ, ಕುಗ್ಗಿದ ಬಗೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

2002ರ ಅಕ್ಟೋಬರ್‌ನಲ್ಲಿ ಸೀಗೇಟ್, ಮ್ಯಾಕ್ಸ್‌ಟರ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳು ತಮ್ಮ ಬಹುತೇಕ ಡೆಸ್ಕ್‌ಟಾಪ್ ಡಿಸ್ಕ್‌ಗಳ ವಾರಂಟಿಯನ್ನು ಮೂರು ವರ್ಷದಿಂದ ಒಂದು ವರ್ಷಕ್ಕೆ ಇಳಿಸಿದವು. ಮೂವರೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಇಳಿಸಿದ್ದರಿಂದ ಗಿರಾಕಿಗೆ ಬೇರೆ ಅಂಗಡಿಗೆ ಹೋಗುವ ಅನುಕೂಲವೂ ಉಳಿಯಲಿಲ್ಲ. ಎರಡು ವರ್ಷವೂ ಕಳೆಯಲಿಲ್ಲ, 2004ರ ಜುಲೈನಲ್ಲಿ ಸೀಗೇಟ್ ತನ್ನ ಒಳಡಿಸ್ಕ್‌ಗಳಿಗೆಲ್ಲ ಐದು ವರ್ಷದ ವಾರಂಟಿ ಘೋಷಿಸಿ ಎದುರಾಳಿಗಳನ್ನು ಪೇಚಿಗೆ ಸಿಕ್ಕಿಸಿತು. ತಾವು 2007ರಲ್ಲಿ ಪಡೆದ ಐದು ವರ್ಷದ ಭರವಸೆ ಆ ಸ್ಪರ್ಧೆಯ ಕಾಲದ್ದು. 2009ರ ಆರಂಭದಲ್ಲಿ ಅದೇ ಕಂಪನಿ ಹಲವು ಮಾದರಿಗಳಿಗೆ ಅದನ್ನು ಮೂರು ವರ್ಷಕ್ಕೆ ತಂದಿತು. 2011ರ ಕೊನೆಯಲ್ಲಿ, ಥಾಯ್ಲೆಂಡಿನ ಪ್ರವಾಹದಿಂದ ಡಿಸ್ಕ್‌ಗಳ ಬೆಲೆ ಆಕಾಶಕ್ಕೇರಿದ್ದ ಹೊತ್ತಿನಲ್ಲೇ, ಸೀಗೇಟ್ ಕೆಲವು ಮಾದರಿಗಳ ವಾರಂಟಿಯನ್ನು ಒಂದು ವರ್ಷಕ್ಕೂ ವೆಸ್ಟರ್ನ್ ಡಿಜಿಟಲ್ ತನ್ನ ಬ್ಲೂ ಮತ್ತು ಗ್ರೀನ್ ಸರಣಿಗಳ ವಾರಂಟಿಯನ್ನು ಮೂರರಿಂದ ಎರಡು ವರ್ಷಕ್ಕೂ ಇಳಿಸಿದವು. ಉಳಿತಾಯವಾದ ಹಣ ಹೊಸ ತಂತ್ರಜ್ಞಾನಕ್ಕೆ ಹೋಗುತ್ತದೆ ಎಂಬ ಸಮಜಾಯಿಷಿ ಬಂತು. ಗಿರಾಕಿ ದುಪ್ಪಟ್ಟು ದುಡ್ಡು ಕೊಟ್ಟು ಅರ್ಧ ಭರವಸೆ ಪಡೆದ ಕಾಲ ಅದು. ಈ ಏರಿಳಿತಗಳ ಪ್ರತಿ ತಿರುವಿನಲ್ಲೂ ಕಾರ್ಖಾನೆಯಲ್ಲಿ ತಯಾರಾಗುವ ವಸ್ತು ಒಮ್ಮೆ ಗಟ್ಟಿಯಾಗಿ ಒಮ್ಮೆ ಟೊಳ್ಳಾಯಿತೆಂದು ನಂಬಲು ಆಧಾರವಿಲ್ಲ. ಪೇಟೆಯ ಪೈಪೋಟಿ ಹೆಚ್ಚಿದಾಗ ಅವಧಿ ಹಿಗ್ಗಿತು, ತಗ್ಗಿದಾಗ ಕುಗ್ಗಿತು.

ಇದರ ಹಿಂದಿನ ಲೆಕ್ಕ ಸರಳವಾದದ್ದು. ಮಾರಿದ ಪ್ರತಿ ಡಿಸ್ಕ್‌ಗೂ ಮುಂದೆ ಬದಲಿ ಕೊಡಬೇಕಾದೀತೆಂದು ಕಂಪನಿ ಒಂದಿಷ್ಟು ಹಣವನ್ನು ಹೊಣೆಯಾಗಿ ತೆಗೆದಿಡಬೇಕಾಗುತ್ತದೆ. ಅವಧಿ ಕಡಿಮೆಯಾದರೆ ಆ ಹೊಣೆಯೂ ಕಡಿಮೆಯಾಗಿ, ಲಾಭದ ಸಾಲು ಅಷ್ಟರಮಟ್ಟಿಗೆ ಉದ್ದವಾಗುತ್ತದೆ. ಜೊತೆಗೆ, ಹಿಂದೆ ಎಲ್ಲರಿಗೂ ಸಿಗುತ್ತಿದ್ದ ದೀರ್ಘ ವಾರಂಟಿ ಈಗ ಪ್ರತ್ಯೇಕ ಸರಕಾಗಿದೆ. ವೆಸ್ಟರ್ನ್ ಡಿಜಿಟಲ್‌ನಲ್ಲಿ ಬ್ಲೂಗೆ ಎರಡು, ರೆಡ್ ಪ್ಲಸ್‌ಗೆ ಮೂರು, ರೆಡ್ ಪ್ರೋ ಮತ್ತು ಗೋಲ್ಡ್‌ಗೆ ಐದು ವರ್ಷ. ಸೀಗೇಟ್‌ನಲ್ಲಿ ಬ್ಯಾರಕುಡಾಗೆ ಎರಡು, ಐರನ್‌ವುಲ್ಫ್‌ಗೆ ಮೂರು, ಐರನ್‌ವುಲ್ಫ್ ಪ್ರೋ ಮತ್ತು ಎಕ್ಸಾಸ್‌ಗೆ ಐದು ವರ್ಷ. ಮೇಲಿನ ಸರಣಿಗಳಲ್ಲಿ ಕಂಪನ ತಡೆಯುವ ವ್ಯವಸ್ಥೆ, ಹೆಚ್ಚು ಓದು–ಬರಹ ತಾಳುವ ಸಾಮರ್ಥ್ಯ ಮುಂತಾದ ನಿಜವಾದ ವ್ಯತ್ಯಾಸಗಳೂ ಇವೆ ಎನ್ನುವುದನ್ನು ಒಪ್ಪಬೇಕು. ಆದರೆ ತಾವು ಕೊಡುವ ಹೆಚ್ಚುವರಿ ಹಣದಲ್ಲಿ ಒಂದು ಪಾಲು ವಿಮೆಯ ಕಂತೇ ಸರಿ.

ಪ್ರಶ್ನೆ: ನನ್ನ ಡಿಸ್ಕ್‌ನ ವಿವರಪತ್ರದಲ್ಲಿ ಎರಡು ವೈಫಲ್ಯಗಳ ನಡುವಿನ ಸರಾಸರಿ ಅವಧಿ 10 ಲಕ್ಷ ಗಂಟೆ ಎಂದು ಮುದ್ರಿಸಿದ್ದಾರೆ. ಲೆಕ್ಕ ಹಾಕಿದರೆ 114 ವರ್ಷ ಆಗುತ್ತದೆ. ನನ್ನದು ಮೂರು ವರ್ಷಕ್ಕೇ ಕೆಟ್ಟಿತು. ಇದು ಸುಳ್ಳು ಜಾಹೀರಾತಲ್ಲವೇ?
— ಭೌತಶಾಸ್ತ್ರ ಉಪನ್ಯಾಸಕರು, ಮೈಸೂರು

ಉತ್ತರ: ಆ ಅಂಕಿ ಒಂದು ಡಿಸ್ಕ್‌ನ ಆಯಸ್ಸಲ್ಲ, ಒಂದು ದೊಡ್ಡ ಗುಂಪಿನ ಮರಣಪ್ರಮಾಣವನ್ನು ತಲೆಕೆಳಗು ಮಾಡಿ ಹೇಳಿದ್ದು. ಒಂದು ಊರಿನ ಸಾವಿರ ಮಂದಿ ಯುವಕರಲ್ಲಿ ವರ್ಷಕ್ಕೆ ಒಬ್ಬರು ತೀರಿಕೊಂಡರೆ ಆ ಯುವಕರ ಸರಾಸರಿ ಆಯಸ್ಸು ಸಾವಿರ ವರ್ಷ ಎಂದು ಯಾರೂ ಹೇಳುವುದಿಲ್ಲ. ಡಿಸ್ಕ್‌ನ ವಿವರಪತ್ರ ಮಾತ್ರ ಹಾಗೆ ಹೇಳುತ್ತದೆ. ವರ್ಷದ 8,760 ಗಂಟೆಗಳನ್ನು 10 ಲಕ್ಷದಿಂದ ಭಾಗಿಸಿದರೆ ವಾರ್ಷಿಕ ವೈಫಲ್ಯದ ಪ್ರಮಾಣ ಶೇ 0.88 ಎಂದು ಬರುತ್ತದೆ. ಕಂಪನಿಯ ನಿಜವಾದ ಹೇಳಿಕೆ ಅಷ್ಟೇ: ಸಾವಿರ ಡಿಸ್ಕ್‌ಗಳನ್ನು ವರ್ಷವಿಡೀ ಓಡಿಸಿದರೆ ಒಂಬತ್ತರಷ್ಟು ಕೆಡಬಹುದು, ಅದೂ ವಾರಂಟಿಯ ಅವಧಿಯೊಳಗಿನ ಮಾತು. ಅದರಾಚೆಗಿನ ಮುಪ್ಪಿನ ಬಗ್ಗೆ ಆ ಅಂಕಿ ಏನನ್ನೂ ಹೇಳುವುದಿಲ್ಲ.

ಈ ಹೇಳಿಕೆಯಾದರೂ ನಿಜವೇ ಎಂದು ಪರಿಶೀಲಿಸಿದವರಿದ್ದಾರೆ. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ಜಾಲಾಡಿ, ವಿವರಪತ್ರ ಹೆಚ್ಚೆಂದರೆ ಶೇ 0.88 ಎನ್ನುವ ಕಡೆ ವಾಸ್ತವದಲ್ಲಿ ಶೇ 2ರಿಂದ 4ರಷ್ಟು ಡಿಸ್ಕ್‌ಗಳನ್ನು ಪ್ರತಿ ವರ್ಷ ಬದಲಾಯಿಸಲಾಗಿದೆ, ಕೆಲವೆಡೆ ಇದು ಶೇ 13ರವರೆಗೂ ಹೋಗಿದೆ ಎಂದು ತೋರಿಸಿದರು. ಬದಲಾಯಿಸಿದ್ದೆಲ್ಲವೂ ನಿಜಕ್ಕೂ ಕೆಟ್ಟಿತ್ತೇ ಎಂದು ತಯಾರಕರು ಕೇಳುವುದುಂಟು, ಆ ಪ್ರಶ್ನೆಯಲ್ಲಿ ತಥ್ಯವೂ ಇದೆ. ಆದರೆ ಬಳಸುವವನ ದೃಷ್ಟಿಯಲ್ಲಿ ಕಿತ್ತು ಹಾಕಬೇಕಾಗಿ ಬಂದ ಡಿಸ್ಕ್ ಕೆಟ್ಟ ಡಿಸ್ಕೇ.

ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಸಂಗ್ರಹಸೇವಾ ಸಂಸ್ಥೆ 2013ರಿಂದ ತನ್ನ ಡಿಸ್ಕ್‌ಗಳ ಲೆಕ್ಕವನ್ನು ಮಾದರಿವಾರು ಪ್ರಕಟಿಸುತ್ತ ಬಂದಿದೆ. ಅವರ ಮೊದಲ ವರದಿಯಲ್ಲಿ ವಾರ್ಷಿಕ ವೈಫಲ್ಯ ಮೊದಲ ಒಂದೂವರೆ ವರ್ಷ ಶೇ 5.1, ಮುಂದಿನ ಒಂದೂವರೆ ವರ್ಷ ಶೇ 1.4, ಮೂರು ವರ್ಷ ದಾಟಿದ ಮೇಲೆ ಶೇ 11.8 ಎಂದಿತ್ತು. ಅಂದರೆ ಮೂರು ವರ್ಷದ ವಾರಂಟಿ ಮುಗಿಯುವ ಹೊತ್ತಿಗೇ ನಿಜವಾದ ಸವಕಳಿ ಆರಂಭವಾಗುತ್ತಿತ್ತು. ತಮ್ಮ ಡಿಸ್ಕ್ ಮೂರು ವರ್ಷಕ್ಕೆ ಕೆಟ್ಟಿದ್ದು ದುರದೃಷ್ಟವೇ ಹೊರತು ವಿಚಿತ್ರವೇನಲ್ಲ. ಆಮೇಲಿನ ಪೀಳಿಗೆಯ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ಮೇಲು: 2024ರಲ್ಲಿ ಅವರ ಎಲ್ಲ ಡಿಸ್ಕ್‌ಗಳ ಒಟ್ಟು ವಾರ್ಷಿಕ ವೈಫಲ್ಯ ಶೇ 1.57. ತಿಪಟೂರಿನ ಓದುಗರಿಗೂ ಇದೇ ಉತ್ತರ. ವಾರಂಟಿ ಕುಗ್ಗಿದ ಅವಧಿಯಲ್ಲೇ ವಸ್ತು ಸುಧಾರಿಸಿದೆ.

ಸರಾಸರಿಯ ಒಳಗೆ ಕೆಟ್ಟ ಮಾದರಿಗಳು ಅಡಗಿರುತ್ತವೆ ಎಂಬುದನ್ನೂ ಸೇರಿಸಬೇಕು. 2000ದ ಸುಮಾರಿಗೆ ಬಂದ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟಿತೆಂದರೆ ಅಮೆರಿಕದಲ್ಲಿ ಗಿರಾಕಿಗಳು ಒಟ್ಟಾಗಿ ಮೊಕದ್ದಮೆ ಹೂಡಿದರು. ಸೀಗೇಟ್‌ನ 3 ಟೆರಾಬೈಟ್‌ನ ಒಂದು ಬ್ಯಾರಕುಡಾ ಮಾದರಿಯ ಮೇಲೂ 2016ರಲ್ಲಿ ಅಂಥದೇ ಮೊಕದ್ದಮೆ ದಾಖಲಾಯಿತು. ಎರಡೂ ಹೆಸರುವಾಸಿ ಕಂಪನಿಗಳೇ. ಆದ್ದರಿಂದ ಇಂಥ ಕಂಪನಿಯದು ಒಳ್ಳೆಯದು, ಇಂಥದ್ದು ಕೆಟ್ಟದ್ದು ಎಂಬ ಅಂಗಡಿಯ ಮಾತಿಗಿಂತ ಮಾದರಿ ಸಂಖ್ಯೆ ಹಿಡಿದು ವಿಚಾರಿಸುವುದು ಮೇಲು.

ಪ್ರಶ್ನೆ: ಡಿಸ್ಕ್ ತಾನೇ ಮುನ್ಸೂಚನೆ ಕೊಡುತ್ತದೆ ಎನ್ನುತ್ತಾರೆ. ಅದನ್ನು ನಂಬಬಹುದೇ? ನಮ್ಮಲ್ಲಿ ಬೇಸಿಗೆಯ ಬಿಸಿಲು, ಪದೇ ಪದೇ ಕರೆಂಟ್ ಹೋಗುವುದು ಎರಡೂ ಇವೆ. ಇವುಗಳಿಂದ ಡಿಸ್ಕ್ ಬೇಗ ಕೆಡುತ್ತದೆಯೇ?
— ಗ್ರಂಥಾಲಯ ಸಹಾಯಕರು, ಕಲಬುರಗಿ

ಉತ್ತರ: ಅರ್ಧ ನಂಬಬಹುದು. ಡಿಸ್ಕ್ ತನ್ನ ಆರೋಗ್ಯವನ್ನು ದಾಖಲಿಸಿಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು; ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲೆ ಕಡತಗಳನ್ನು ಬರೆದಿಡುವ ಚಿಕ್ಕ ಚಿಕ್ಕ ಭಾಗಗಳಿಗೆ ಸೆಕ್ಟರ್ ಎನ್ನುತ್ತಾರೆ. ಸ್ಮಾರ್ಟ್ ದಾಖಲೆಯಲ್ಲಿ ಬದಲಿ ಕೊಟ್ಟ ಸೆಕ್ಟರ್‌ಗಳು, ಬಾಕಿ ಇರುವ ಸೆಕ್ಟರ್‌ಗಳು ಎಂಬ ಸಾಲುಗಳು ಸೊನ್ನೆಯಿಂದ ಮೇಲೇರತೊಡಗಿದರೆ ಅಂದೇ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಗೂಗಲ್ ಸಂಸ್ಥೆ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಟ್ಟೆಯ ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ನಿರಾಶೆಯದು: ಕೆಟ್ಟ ಡಿಸ್ಕ್‌ಗಳಲ್ಲಿ ಶೇ 36ರಷ್ಟು ಯಾವ ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು.

ಬಿಸಿಲಿನ ವಿಚಾರದಲ್ಲಿ ಆ ಅಧ್ಯಯನ ಜನರ ನಂಬಿಕೆಗೆ ವಿರುದ್ಧವಾಗಿತ್ತು. ಸಾಧಾರಣ ಮಟ್ಟದ ಉಷ್ಣತೆಗೂ ವೈಫಲ್ಯಕ್ಕೂ ಬಲವಾದ ಸಂಬಂಧ ಕಾಣಲಿಲ್ಲ. ತೀರಾ ಹೆಚ್ಚಿನ ಉಷ್ಣತೆಯಲ್ಲಿ, ಅದರಲ್ಲೂ ವಯಸ್ಸಾದ ಡಿಸ್ಕ್‌ಗಳಲ್ಲಿ ಮಾತ್ರ ಕಂಡಿತು. ಆದರೆ ಅವು ಹವಾನಿಯಂತ್ರಿತ ಕಟ್ಟಡದಲ್ಲಿದ್ದ ಡಿಸ್ಕ್‌ಗಳು. ಕೊಠಡಿಯೇ 42 ಡಿಗ್ರಿ ಇರುವಲ್ಲಿ ಪೆಟ್ಟಿಗೆಯೊಳಗಿನ ಡಿಸ್ಕ್ 60 ಡಿಗ್ರಿಯ ಗಡಿ ಮುಟ್ಟುವುದು ಕಷ್ಟವಲ್ಲ. ಹೆಚ್ಚಿನ ತಯಾರಕರು ಸಾಧಾರಣ ಡಿಸ್ಕ್‌ಗೆ ಹಾಕುವ ಮಿತಿಯೂ ಅದರ ಆಸುಪಾಸಿನದೇ. ಒಂದು ಫ್ಯಾನ್ ಸಾಕು.

ಕರೆಂಟ್ ಹೋದಾಗ ಆಗುವುದು ಸ್ವಾರಸ್ಯಕರವಾಗಿದೆ. ಓದುವ ತಲೆ ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ವಿದ್ಯುತ್ ಕಡಿದೊಡನೆ, ಇನ್ನೂ ತಿರುಗುತ್ತಿರುವ ಮೋಟಾರ್ ಕ್ಷಣಕಾಲ ತಾನೇ ಜನರೇಟರ್ ಆಗಿ, ಆ ವಿದ್ಯುತ್ತಿನಿಂದ ತಲೆಯನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತದೆ. ಹೀಗಾಗಿ ಒಂದೆರಡು ಸಲ ಕರೆಂಟ್ ಹೋದ ಮಾತ್ರಕ್ಕೆ ಯಂತ್ರ ಹಾಳಾಗುವುದಿಲ್ಲ. ಬರೆಯುತ್ತಿದ್ದ ಕಡತ ಹಾಳಾಗುತ್ತದೆ. ದಿನಕ್ಕೆ ಹಲವು ಬಾರಿ ಹೀಗಾದರೆ ಸವೆತ ಖಂಡಿತ ಹೆಚ್ಚು, ಆದ್ದರಿಂದ ಚಿಕ್ಕದಾದರೂ ಒಂದು ಯುಪಿಎಸ್ ಇಟ್ಟುಕೊಳ್ಳಿ.

ಪ್ರಶ್ನೆ: ಮೊಬೈಲ್, ಟಿವಿಗಳೆಲ್ಲ ಅಗ್ಗವಾದವು. 1 ಟೆರಾಬೈಟ್ ಡಿಸ್ಕ್‌ನ ಬೆಲೆ ಮಾತ್ರ ವರ್ಷಗಳಿಂದ ಅಲ್ಲೇ ನಿಂತಿದೆ, ಈಚೆಗೆ ಏರುತ್ತಲೂ ಇದೆ. ಕಾರಣವೇನು?
— ಓದುಗರು, ಹುಬ್ಬಳ್ಳಿ

ಉತ್ತರ: ಮೊದಲ ಕಾರಣ ಡಿಸ್ಕ್‌ನ ಒಳಗೇ ಇದೆ. ಎಷ್ಟೇ ಕಡಿಮೆ ಸಾಮರ್ಥ್ಯದ್ದಾದರೂ ಒಂದು ಮೋಟಾರ್, ಎರಕದ ಪೆಟ್ಟಿಗೆ, ಕನಿಷ್ಠ ಒಂದು ತಟ್ಟೆ, ತಲೆ, ಅದನ್ನಾಡಿಸುವ ತೋಳು, ಒಂದು ಸರ್ಕ್ಯೂಟ್ ಬೋರ್ಡ್ ಬೇಕೇ ಬೇಕು. ಆ ತಳಬೆಲೆಗಿಂತ ಕೆಳಗೆ ಯಾವ ಡಿಸ್ಕೂ ಇಳಿಯಲಾರದು. ತಂತ್ರಜ್ಞಾನ ಮುಂದುವರಿದಂತೆ ಅದೇ ಹಣಕ್ಕೆ ಹೆಚ್ಚು ಜಾಗ ಸಿಗುತ್ತದೆಯೇ ಹೊರತು ಅದೇ ಜಾಗ ಕಡಿಮೆ ಹಣಕ್ಕೆ ಸಿಗುವುದಿಲ್ಲ. 1980ರಲ್ಲಿ ಸೀಗೇಟ್‌ನ 5 ಮೆಗಾಬೈಟ್ ಡಿಸ್ಕ್‌ಗೆ 1,500 ಡಾಲರ್ ಇತ್ತು. ಬ್ಯಾಕ್‌ಬ್ಲೇಜ್ ಕೊಟ್ಟ ಬೆಲೆಯ ಲೆಕ್ಕದಲ್ಲಿ 2009ರಲ್ಲಿ ಒಂದು ಗಿಗಾಬೈಟ್‌ಗೆ 11 ಸೆಂಟ್ ಬಿದ್ದದ್ದು 2022ರ ಹೊತ್ತಿಗೆ ಒಂದೂವರೆ ಸೆಂಟಿಗಿಂತ ಕೆಳಗಿಳಿದಿತ್ತು. ಆ ಇಳಿಕೆಯ ಫಲ ದೊಡ್ಡ ಡಿಸ್ಕ್ ಕೊಳ್ಳುವವರಿಗೆ ದಕ್ಕಿತು. 1 ಟೆರಾಬೈಟ್ ಕೇಳುವವರು ಇಂದು ಒಂದು ಗಿಗಾಬೈಟ್‌ಗೆ ಅವರಿಗಿಂತ ಬಹಳ ಹೆಚ್ಚು ಕೊಡುತ್ತಿದ್ದಾರೆ.

ಎರಡನೆಯದು ಪೈಪೋಟಿಯ ಕೊರತೆ. ಐಬಿಎಂನ ಡಿಸ್ಕ್ ವ್ಯವಹಾರವನ್ನು ಹಿಟಾಚಿ ಕೊಂಡಿತು, ಮ್ಯಾಕ್ಸ್‌ಟರ್ ಅನ್ನು 2006ರಲ್ಲಿ ಸೀಗೇಟ್ ಕೊಂಡಿತು, ಫುಜಿತ್ಸುವಿನದು 2009ರಲ್ಲಿ ತೋಶಿಬಾಗೆ ಹೋಯಿತು, ಸ್ಯಾಮ್ಸಂಗ್‌ನದು 2011ರಲ್ಲಿ ಸೀಗೇಟ್‌ಗೆ, ಹಿಟಾಚಿಯದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ. ಈಗ ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವವರು ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಶಿಬಾ. ಪೆಟ್ಟಿಗೆಯ ಮೇಲೆ ಬೇರೆ ಯಾವ ಹೆಸರಿದ್ದರೂ ಒಳಗಿರುವುದು ಈ ಮೂವರಲ್ಲಿ ಒಬ್ಬರದು.

ಇಷ್ಟು ಕಡಿಮೆ ಕೈಗಳಲ್ಲಿರುವ ಉದ್ಯಮಕ್ಕೆ ಒಂದು ಕಡೆ ಏಟು ಬಿದ್ದರೆ ಎಲ್ಲೆಡೆ ನೋವು. 2011ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಅಯುತ್ಥಯ ಪ್ರಾಂತದ ಬಾಂಗ್ ಪಾ–ಇನ್ ಕೈಗಾರಿಕಾ ಪ್ರದೇಶ ಮುಳುಗಿದಾಗ ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗೆ ನೀರು ನುಗ್ಗಿತು. ಆ ಕಂಪನಿಯ ಉತ್ಪಾದನೆಯ ಸುಮಾರು ಶೇ 60 ಭಾಗ ಆ ದೇಶದಲ್ಲೇ ನಡೆಯುತ್ತಿತ್ತು. ಡಿಸ್ಕ್‌ನ ಮೋಟಾರ್‌ಗಳನ್ನು ಜಗತ್ತಿಗೆಲ್ಲ ಪೂರೈಸುವ ಜಪಾನಿನ ನಿಡೆಕ್ ಕಂಪನಿಯ ಘಟಕಗಳಿಗೂ ತೊಂದರೆಯಾದ್ದರಿಂದ, ನೆರೆಗೆ ಸಿಕ್ಕದ ತಯಾರಕರೂ ಬಿಡಿಭಾಗವಿಲ್ಲದೆ ಕೂತರು. ಹಲವು ಮಾದರಿಗಳ ಬೆಲೆ ಕೆಲವೇ ವಾರಗಳಲ್ಲಿ ದುಪ್ಪಟ್ಟಾಯಿತು, ನೀರು ಇಳಿದಷ್ಟು ಬೇಗ ಇಳಿಯಲಿಲ್ಲ. 2021ರಲ್ಲಿ ಖಾಲಿ ಡಿಸ್ಕ್ ಜಾಗವನ್ನೇ ಬಂಡವಾಳ ಮಾಡಿಕೊಂಡ ಚಿಯಾ ಎಂಬ ಕ್ರಿಪ್ಟೋ ನಾಣ್ಯದ ಹುಚ್ಚು ಹಿಡಿದು ದೊಡ್ಡ ಡಿಸ್ಕ್‌ಗಳು ಕೆಲಕಾಲ ಕೈಗೆ ಸಿಗದಂತಾದವು. 2025ರ ಉತ್ತರಾರ್ಧದಿಂದ ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳು ದೊಡ್ಡ ಡಿಸ್ಕ್‌ಗಳನ್ನು ಮುಂಗಡವಾಗಿ ಕಾದಿರಿಸಿಕೊಳ್ಳುತ್ತಿರುವುದರಿಂದ ತಯಾರಕರು ಬೆಲೆ ಏರಿಸಿದ್ದಾರೆ. ಮೂವರೂ ತಯಾರಿಸುವ ಒಟ್ಟು ಸಾಮರ್ಥ್ಯದ ಬಹುಪಾಲು ಈಗ ಅಂಥ ಗಿರಾಕಿಗಳಿಗೆ ಹೋಗುತ್ತದೆ. ನಾವು ನೀವು ಉಳಿದದ್ದನ್ನು ಕೊಳ್ಳುವವರು. ಇದರ ಮೇಲೆ ನಮ್ಮಲ್ಲಿ ಶೇ 18 ಜಿಎಸ್‌ಟಿ, ಡಾಲರ್‌ನ ಏರಿಕೆ ಇದ್ದೇ ಇದೆ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ ಪೆಟ್ಟಿಗೆಯಿಲ್ಲದ, ಬರೀ ಪ್ಲಾಸ್ಟಿಕ್ ಚೀಲದಲ್ಲಿದ್ದ ಡಿಸ್ಕ್ ಅನ್ನು ಕಡಿಮೆ ಬೆಲೆಗೆ ಕೊಂಡೆ. ಏಳು ತಿಂಗಳಿಗೆ ಕೆಟ್ಟಿತು. ಕಂಪನಿಯ ತಾಣದಲ್ಲಿ ಸೀರಿಯಲ್ ಸಂಖ್ಯೆ ಹಾಕಿದರೆ ವಾರಂಟಿ ಇಲ್ಲ ಎನ್ನುತ್ತದೆ. ಅಂಗಡಿಯವರು ‘ಕಂಪನಿಯನ್ನೇ ಕೇಳಿ ಸರ್’ ಎನ್ನುತ್ತಾರೆ. ಏನು ಮಾಡಲಿ?
— ಓದುಗರು, ರಾಮನಗರ

ಉತ್ತರ: ಹೀಗೆ ಸಿಗುವ ಡಿಸ್ಕ್‌ಗಳು ಸಾಮಾನ್ಯವಾಗಿ ಮೂರು ಬಗೆಯವು. ಕಂಪ್ಯೂಟರ್ ಜೋಡಿಸುವ ಕಂಪನಿಗಳಿಗೆಂದು ಸಗಟಾಗಿ ಮಾರಿದ್ದು ಹೊರಪೇಟೆಗೆ ಸೋರಿ ಬಂದಿರಬಹುದು. ಅದರ ವಾರಂಟಿಯ ಹೊಣೆ ಆ ಜೋಡಣೆಯ ಕಂಪನಿಯದು, ಡಿಸ್ಕ್ ತಯಾರಕರದ್ದಲ್ಲ. ಬೇರೆ ದೇಶಕ್ಕೆಂದು ಕಳಿಸಿದ್ದನ್ನು ಅಧಿಕೃತ ವಿತರಕರಲ್ಲದವರು ಇಲ್ಲಿಗೆ ತಂದಿರಬಹುದು. ಇಲ್ಲವೇ ಅದು ಹಿಂದೆ ಬಳಸಿದ ಡಿಸ್ಕೇ ಆಗಿರಬಹುದು. ಮೂರನೆಯದು ಬರೀ ಅನುಮಾನದ ಮಾತಲ್ಲ: 2025ರ ಆರಂಭದಲ್ಲಿ, ಸಾವಿರಾರು ಗಂಟೆ ದುಡಿದ ಸೀಗೇಟ್ ಎಕ್ಸಾಸ್ ಡಿಸ್ಕ್‌ಗಳ ಸ್ಮಾರ್ಟ್ ದಾಖಲೆಯನ್ನು ಅಳಿಸಿ ಹೊಸದೆಂದು ಮಾರಿದ ಪ್ರಕರಣಗಳನ್ನು ಜರ್ಮನಿಯ ತಾಂತ್ರಿಕ ಪತ್ರಕರ್ತರು ಬಯಲಿಗೆಳೆದರು. ಅವುಗಳಲ್ಲಿ ಹಲವು ಹಿಂದೆ ಹೇಳಿದ ಚಿಯಾ ನಾಣ್ಯಕ್ಕೆ ದುಡಿದವೆಂದು ಶಂಕಿಸಲಾಯಿತು. ಸೀಗೇಟ್ ಡಿಸ್ಕ್‌ಗಳಲ್ಲಿ ಫಾರ್ಮ್ ಎಂಬ ಮತ್ತೊಂದು ಆಂತರಿಕ ದಾಖಲೆ ಇರುತ್ತದೆ, ಅದರಲ್ಲಿ ನಿಜವಾದ ಗಂಟೆಗಳು ಉಳಿದುಕೊಂಡಿದ್ದರಿಂದ ಮೋಸ ಸಿಕ್ಕಿಬಿತ್ತು. ತಮ್ಮ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಅದು ಓಡಿದ ಒಟ್ಟು ಗಂಟೆ ನೋಡಿ. ಏಳು ತಿಂಗಳೆಂದರೆ ಬಿಡುವಿಲ್ಲದೆ ಓಡಿದ್ದರೂ 5,200 ಗಂಟೆ ದಾಟಬಾರದು.

ಅಂಗಡಿಯವರ ಉತ್ತರವನ್ನು ತಾವು ಒಪ್ಪಬೇಕಾಗಿಲ್ಲ. ತಯಾರಕರ ವಾರಂಟಿ ಇರಲಿ ಬಿಡಲಿ, ದೋಷಯುಕ್ತ ಅಥವಾ ಬಳಸಿದ ಸರಕನ್ನು ಹೊಸದೆಂದು ಮಾರಿದವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಮೊದಲು ಬಿಲ್ಲಿನ ಪ್ರತಿಯೊಂದಿಗೆ ಅಂಗಡಿಗೆ ಲಿಖಿತವಾಗಿ ತಿಳಿಸಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹೊಸ ಕಾಯ್ದೆಯ ಪ್ರಕಾರ ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದಾದ್ದರಿಂದ ಬೆಂಗಳೂರಿಗೆ ಅಲೆಯುವ ಅಗತ್ಯವಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ತಿಪಟೂರಿನ ಸ್ಟುಡಿಯೋ ಮಾಲೀಕರು ಇಲ್ಲಿ ಒಂದನ್ನು ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ, ಆದರೆ ಸ್ವಯಂ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು ತಾವೇ ಬಳಸುವವರಿಗೆ ಆ ನಿರ್ಬಂಧ ಅನ್ವಯಿಸುವುದಿಲ್ಲ.

ಇದೆಲ್ಲಕ್ಕೂ ಬಿಲ್ ಬೇಕು. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಂಡಿರಬೇಕು. ಅದಿಲ್ಲದೆ ಹೋದರೆ ‘ಈ ಡಿಸ್ಕ್ ನಮ್ಮ ಅಂಗಡಿಯದಲ್ಲ’ ಎಂದು ಹೇಳುವುದು ಸುಲಭ. ಶಾಖದಿಂದ ಮುದ್ರಿಸುವ ಕಾಗದದ ಅಕ್ಷರ ವಾರಂಟಿಗಿಂತ ಮೊದಲೇ ಮಾಸಿಹೋಗುತ್ತದೆ, ಕೊಂಡ ದಿನವೇ ಫೋಟೋ ತೆಗೆದಿಡಿ.

ಪ್ರಶ್ನೆ: ಮಗ ದುಬೈಯಿಂದ ತಂದ ಹೊರಡಿಸ್ಕ್‌ಗೆ ಇಲ್ಲಿ ವಾರಂಟಿ ಸಿಗುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಹಲವು ಕಂಪನಿಗಳ ವಾರಂಟಿ ಮಾರಾಟವಾದ ಪ್ರದೇಶಕ್ಕೆ ಸೀಮಿತ. ಸೀರಿಯಲ್ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ಹಾಕಿ, ದೇಶ ಭಾರತ ಎಂದು ಆರಿಸಿ ನೋಡಿ. ಅಲ್ಲಿ ಅವಕಾಶ ಕಾಣದಿದ್ದರೆ ಮಗ ಮುಂದಿನ ಸಲ ಹೋಗುವಾಗ ಕೊಟ್ಟು ಕಳಿಸುವುದೇ ದಾರಿ. ಅಲ್ಲಿಯ ಬಿಲ್ ಜೋಪಾನವಾಗಿರಲಿ.

ಪ್ರಶ್ನೆ: ವಾರಂಟಿಯಲ್ಲಿ ಬದಲಿ ಕೊಡುವಾಗ ಹಳೆಯ ಡಿಸ್ಕ್‌ನಲ್ಲಿದ್ದ ನಮ್ಮ ಕಡತಗಳನ್ನು ಹೊಸದಕ್ಕೆ ಹಾಕಿಕೊಡುತ್ತಾರೆಯೇ? ನಮ್ಮ ಸಹಕಾರ ಸಂಘದ ಸದಸ್ಯರ ವಿವರಗಳೆಲ್ಲ ಅದರಲ್ಲಿವೆ.
— ಸಂಘವೊಂದರ ಕಾರ್ಯದರ್ಶಿ, ಶಿರಸಿ

ಉತ್ತರ: ಇಲ್ಲ. ವಾರಂಟಿ ಇರುವುದು ಲೋಹದ ಪೆಟ್ಟಿಗೆಗೆ, ಅದರಲ್ಲಿ ತಾವು ಬರೆದದ್ದಕ್ಕಲ್ಲ. ಕಳಿಸಿದ ಡಿಸ್ಕ್ ಮರಳಿ ಬರುವುದಿಲ್ಲ. ಬದಲಿಯಾಗಿ ಸಿಗುವುದೂ ಬಹುತೇಕ ಹೊಸದಲ್ಲ, ಬೇರೆ ಯಾರೋ ಹಿಂದಿರುಗಿಸಿದ್ದನ್ನು ದುರಸ್ತಿ ಮಾಡಿ ಪರೀಕ್ಷಿಸಿದ್ದು. ಅದಕ್ಕೆ ಮೂಲ ವಾರಂಟಿಯಲ್ಲಿ ಉಳಿದ ಅವಧಿ ಮಾತ್ರ ಇರುತ್ತದೆ, ಅದು ತೀರಾ ಕಡಿಮೆಯಿದ್ದರೆ ಸಾಮಾನ್ಯವಾಗಿ 90 ದಿನ ಕೊಡುತ್ತಾರೆ.

ತಮ್ಮ ಸಂಘದ ವಿವರಗಳಿಗೆ ಬೇರೆ ಪ್ರತಿ ಇಲ್ಲದಿದ್ದರೆ, ಡಿಸ್ಕ್ ಕಳಿಸುವ ಮೊದಲು ದತ್ತಾಂಶ ಹಿಂಪಡೆಯುವವರನ್ನು ಕಾಣಬೇಕು. ಈ ಕೆಲಸಕ್ಕೆ ಡಿಸ್ಕ್‌ನ ಬೆಲೆಯ ಹಲವು ಪಟ್ಟು ಖರ್ಚು ಬರಬಹುದು. ಸೀಲು ಒಡೆದರೆ ವಾರಂಟಿ ಹೋಗುವ ಸಂಭವವಿರುವುದರಿಂದ, ಡಿಸ್ಕ್ ತೆರೆಯುವುದಾದರೆ ಅದನ್ನು ಕಂಪನಿ ಒಪ್ಪುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ಧೂಳಿಲ್ಲದ ವಿಶೇಷ ಕೊಠಡಿ ಇಲ್ಲದ ಅಂಗಡಿಯಲ್ಲಿ ಡಿಸ್ಕ್ ತೆರೆಯಲು ಬಿಡಬೇಡಿ. ಟಕ್ ಟಕ್ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡುವುದನ್ನೂ ನಿಲ್ಲಿಸಿ, ಪ್ರತಿ ಪ್ರಯತ್ನದಲ್ಲೂ ತಟ್ಟೆ ಇನ್ನಷ್ಟು ಗೀಚಿಹೋಗಬಹುದು.

ಸದಸ್ಯರ ಆಧಾರ್, ಬ್ಯಾಂಕ್ ಖಾತೆಯ ವಿವರಗಳು ಅದರಲ್ಲಿದ್ದರೆ ಇನ್ನೊಂದು ಯೋಚನೆಯೂ ಬೇಕು. ಪೂರ್ತಿ ಕೆಟ್ಟ ಡಿಸ್ಕ್ ಅನ್ನು ಅಳಿಸಿ ಕಳಿಸಲು ಬರುವುದಿಲ್ಲ. ಡಿಸ್ಕ್ ಎರಡು ಮೂರು ಸಾವಿರ ರೂಪಾಯಿಯದಾಗಿದ್ದರೆ, ಬದಲಿ ಕೇಳದೆ ಅದನ್ನು ಸಂಘದಲ್ಲೇ ಒಡೆದು ನಾಶ ಮಾಡಿ ದಾಖಲೆ ಬರೆದಿಡುವುದು ಮೇಲೆಂದು ನಮ್ಮ ಅಭಿಪ್ರಾಯ. ಹೊಸದಾಗಿ ಕೊಳ್ಳುವಾಗ ಐದು ವರ್ಷದ ವಾರಂಟಿಯ ಒಂದರ ಬದಲು ಎರಡು ವರ್ಷದ ವಾರಂಟಿಯ ಎರಡನ್ನು ಕೊಂಡು, ಎರಡನ್ನೂ ಬಿಟ್‌ಲಾಕರ್‌ನಂಥ ವ್ಯವಸ್ಥೆಯಿಂದ ಗೂಢಲಿಪಿಗೆ ಒಳಪಡಿಸಿ, ಒಂದನ್ನು ಕಚೇರಿಯಲ್ಲೂ ಇನ್ನೊಂದನ್ನು ಬೇರೆ ಕಟ್ಟಡದಲ್ಲೂ ಇಡಿ. ಗೂಢಲಿಪಿಯ ಕೀಲಿಯನ್ನು ಬರೆದ ಕಾಗದ ಸಂಘದ ತಿಜೋರಿಯಲ್ಲಿರಲಿ. ಕಾರ್ಯದರ್ಶಿ ಬದಲಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಅದನ್ನೂ ಸೇರಿಸಿ.